ಕ್ಲೇಮ್ ಆದ ಮೇಲೆ ಪ್ರೀಮಿಯಂ ಎರಡು ಪಟ್ಟು: ಹಾಸನ, ಚಿಕ್ಕಮಗಳೂರು ಕಡೆಗೆ ಯಾವ ಕಾರ್ ಇನ್ಶೂರೆನ್ಸ್ ಕಂಪನಿ ವಾಸಿ?

ಕೆಎ13_ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಹಾಸನ ಆರ್‌ಟಿಒದಲ್ಲಿ ರಿಜಿಸ್ಟರ್ ಆದ 1200 ಸಿಸಿ ಪೆಟ್ರೋಲ್ ಕಾರು. ಮೂರು ವರ್ಷ ತುಂಬಿ ನಾಲ್ಕಕ್ಕೆ ಬಿದ್ದಿದೆ, ಮುಂದಿನ ತಿಂಗಳು ರಿನ್ಯೂವಲ್. ಹೋದ ವರ್ಷ ಐಡಿವಿ (ಕಾರಿಗೆ ಕಂಪನಿ ಕಟ್ಟೋ ಬೆಲೆ) 5,60,000, ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗೋ ರಿಯಾಯಿತಿ) 25%, ಜಿಎಸ್‌ಟಿ ಸೇರಿ ಕಟ್ಟಿದ್ದು 6,326 ರೂಪಾಯಿ. ಈ ಸಲ ಅದೇ ಕಂಪನಿ ಐಡಿವಿಯನ್ನು 4,80,000ಕ್ಕೆ ಇಳಿಸಿ 13,971 ಕೇಳ್ತಿದೆ. ಎರಡರಲ್ಲೂ ಆ್ಯಡ್-ಆನ್ (ಹೆಚ್ಚುವರಿ ದುಡ್ಡಿಗೆ ಸೇರಿಸಿಕೊಳ್ಳೋ ಕವರ್) ಇಲ್ಲ, ಪರ್ಸನಲ್ ಆಕ್ಸಿಡೆಂಟ್ ಬೇರೆ ಕಡೆ ಇದೆ.

ನಡುವೆ ಒಂದು ಕ್ಲೇಮ್ ಆಗಿದೆ. ಬಿಲ್ಲು ಹೀಗಿತ್ತು: ಬಾನೆಟ್ 9,000, ಮುಂದಿನ ಗಾಜು 8,000, ಹೆಡ್‌ಲ್ಯಾಂಪ್ 7,500, ಬಂಪರ್ 6,000, ಪೇಂಟಿಂಗ್ 10,000, ಲೇಬರ್ 4,000. ಒಟ್ಟು 44,500ಕ್ಕೆ ಕಂಪನಿ ಕೊಟ್ಟಿದ್ದು 34,150. ಉಳಿದ 10,350 ಯಾಕೆ ಕಟ್ ಆಯ್ತು ಅಂತ ಯಾರೂ ಬಿಡಿಸಿ ಹೇಳಲಿಲ್ಲ.

ಕಂಪನಿ ಬದಲಿಸಿದರೆ ರೇಟು ಇಳಿಯುತ್ತಾ? ಕ್ಲೇಮ್ ಚೆನ್ನಾಗಿ ಕೊಡೋ ಕಂಪನಿ ಯಾವುದು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ? ಆನ್‌ಲೈನ್‌ನಲ್ಲಿ ತೋರಿಸೋ "98% ಸೆಟಲ್‌ಮೆಂಟ್" ನಂಬಬಹುದಾ? ಸರ್ಕಾರಿ ಕಂಪನಿಯೇ ವಾಸಿ ಅಂತ ಕೆಲವರು, ಮೊಬೈಲ್‌ನಲ್ಲೇ ಮುಗಿಯೋ ಹೊಸ ಕಂಪನಿ ತಗೊಳ್ಳಿ ಅಂತ ಇನ್ನು ಕೆಲವರು. ಓಡಾಟ ಹೆಚ್ಚಾಗಿ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಗೇ.

ಪಾಲಿಸಿ_ಲೆಕ್ಕ

ಸಾರ್, ಮೊದಲು 13,971ನ್ನು ಬಿಡಿಸೋಣ. ಅದರಲ್ಲಿ ಕಂಪನಿ ಏರಿಸಿದ್ದು ನೀವು ಅಂದುಕೊಂಡಷ್ಟಿಲ್ಲ.

ಹೊಸ ಕಾರು ತಗೊಂಡಾಗ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗೆ ಆಗೋ ಹಾನಿಗೆ ಇರೋದು) ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್‌ನಿಂದ ಬಂದ ನಿಯಮ ಅದು. ಹಾಗಾಗಿ ಎರಡನೇ, ಮೂರನೇ ವರ್ಷ ನೀವು ಕಟ್ಟಿದ್ದು ಬರೀ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗೋ ಹಾನಿಗೆ ಇರೋದು) ದುಡ್ಡು. ನಾಲ್ಕನೇ ವರ್ಷಕ್ಕೆ ಥರ್ಡ್ ಪಾರ್ಟಿ ಮತ್ತೆ ಸೇರಿಕೊಳ್ಳುತ್ತೆ. ಈ ದರ ಸರ್ಕಾರ ನಿಗದಿ ಮಾಡೋದು, ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ 1000 ಸಿಸಿವರೆಗೆ 2,094, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲ್ಪಟ್ಟು 7,897. ನಿಮ್ಮದು 3,416. 18% ಜಿಎಸ್‌ಟಿ ಸೇರಿದರೆ 4,031. ಇಷ್ಟು ಕ್ಲೇಮ್ ಮಾಡದೇ ಇದ್ದಿದ್ದರೂ ಬರುತ್ತಿತ್ತು.

ಇನ್ನು ಓನ್ ಡ್ಯಾಮೇಜ್. ಇದರ ದರಕ್ಕೆ 2007ರಿಂದ ಸರ್ಕಾರದ ಹಿಡಿತ ಇಲ್ಲ. ಆದರೂ ಬಹಳಷ್ಟು ಕಂಪನಿಗಳು ಹಳೇ ಟ್ಯಾರಿಫ್ ದರವನ್ನೇ ಬುಡದಲ್ಲಿ ಇಟ್ಟುಕೊಂಡು ಅದರ ಮೇಲೆ ಡಿಸ್ಕೌಂಟ್ ಬಿಡ್ತಾವೆ. ಹಾಸನ, ಚಿಕ್ಕಮಗಳೂರು ಎರಡೂ ಬಿ ವಲಯ. ಐದು ವರ್ಷದೊಳಗಿನ, 1000ದಿಂದ 1500 ಸಿಸಿ ಕಾರಿಗೆ ಐಡಿವಿಯ 3.191%. ಬೆಂಗಳೂರು ಎ ವಲಯ, ಅಲ್ಲಿಗೆ 3.283%. (ಬೆಂಗಳೂರಿನಲ್ಲಿ ರಿಜಿಸ್ಟರ್ ಆದ ಕಾರನ್ನು ತಂದು ಇಲ್ಲಿ ಓಡಿಸುವವರಿಗೆ ಎ ವಲಯದ ದರವೇ ಬರೋದು ಇದಕ್ಕೇ.)

ಹೋದ ವರ್ಷ: 5,60,000ದ 3.191% ಅಂದರೆ 17,870. ಅದರಲ್ಲಿ 60% ಡಿಸ್ಕೌಂಟ್ ಹೋಗಿ 7,148. ಅದರ ಮೇಲೆ 25% ಎನ್‌ಸಿಬಿ ಕಳೆದು 5,361. ಜಿಎಸ್‌ಟಿ ಸೇರಿ 6,326. ನೀವು ಕಟ್ಟಿದ್ದಕ್ಕೆ ಸರಿಹೊಂದುತ್ತೆ.

ಈ ವರ್ಷ: 4,80,000ದ 3.191% ಅಂದರೆ 15,317. ನಿಮ್ಮ ಕೊಟೇಶನ್ನಿನ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಡಿಸ್ಕೌಂಟ್ 45% ಮಾತ್ರ, ಎನ್‌ಸಿಬಿ ಸೊನ್ನೆ. 8,424 ಆಯ್ತು. ಥರ್ಡ್ ಪಾರ್ಟಿ 3,416 ಸೇರಿಸಿದರೆ 11,840, ಜಿಎಸ್‌ಟಿ 2,131, ಒಟ್ಟು 13,971.

ಕ್ಲೇಮ್ ಇಲ್ಲದೇ ಇದ್ದಿದ್ದರೆ 60% ಡಿಸ್ಕೌಂಟ್, 35% ಎನ್‌ಸಿಬಿ ಸಿಕ್ಕಿ 3,983 ಆಗುತ್ತಿತ್ತು. ಥರ್ಡ್ ಪಾರ್ಟಿ, ಜಿಎಸ್‌ಟಿ ಎಲ್ಲ ಸೇರಿ 8,730. ಅಂದರೆ ಕ್ಲೇಮಿನಿಂದ ಈ ವರ್ಷ ಬಿದ್ದ ಹೊರೆ 5,240ರ ಆಸುಪಾಸು. ಜಿಎಸ್‌ಟಿ ಬಿಟ್ಟು ನೋಡಿದರೆ ಎನ್‌ಸಿಬಿ ಹೋಗಿದ್ದಕ್ಕೆ 2,144, ಕಂಪನಿ ಡಿಸ್ಕೌಂಟ್ ಇಳಿಸಿದ್ದಕ್ಕೆ 2,297.

ಕಂಪನಿ ಬದಲಿಸಿ ಉಳಿಸೋಕಾಗೋದು ಈ ಎರಡನೇ ತುಂಡು ಮಾತ್ರ. ಎನ್‌ಸಿಬಿ ಯಾವ ಕಂಪನಿಗೆ ಹೋದರೂ ಸೊನ್ನೆಯೇ. ಅದು ಮತ್ತೆ 20, 25, 35, 45, 50 ಅಂತ ಮೆಟ್ಟಿಲು ಹತ್ತಬೇಕು. ಆದರೆ ಒಂದೇ ಒಂದು ಹಳೇ ಕ್ಲೇಮಿಗೆ ಎಲ್ಲ ಕಂಪನಿಗಳೂ ಡಿಸ್ಕೌಂಟ್ ಇಳಿಸಲ್ಲ. ಹಾಗಾಗಿ ಮೂರು ನಾಲ್ಕು ಕಡೆ ಕೊಟೇಶನ್ ತಗೊಳ್ಳಿ, ಐಡಿವಿ ಎಲ್ಲದರಲ್ಲೂ 4,80,000ವೇ ಇರಲಿ. ಐಡಿವಿಯನ್ನು 4,10,000ಕ್ಕೆ ಇಳಿಸಿ "ನಮ್ಮದೇ ಕಡಿಮೆ" ಅನ್ನೋದು ಮಾಮೂಲಿ ಆಟ. ಕಾರು ಕಳುವಾದರೆ ಅಥವಾ ರಿಪೇರಿ ಖರ್ಚು ಐಡಿವಿಯ 75% ದಾಟಿ ಟೋಟಲ್ ಲಾಸ್ ಅಂತ ಆದರೆ ಸಿಗೋದು ಆ ಇಳಿಸಿದ ಮೊತ್ತವೇ.

ಮುಂದಿನ ವರ್ಷಗಳ ಎನ್‌ಸಿಬಿ ವ್ಯತ್ಯಾಸವನ್ನೂ ಕೂಡಿಸಿದರೆ ಇಂಥ ಕಾರಿಗೆ ಒಂದು ಕ್ಲೇಮಿನ ನಿಜವಾದ ಬೆಲೆ 8,000ದಿಂದ 9,000 ರೂಪಾಯಿ. ನಿಮಗೆ 34,150 ಬಂದಿದೆ, ಕ್ಲೇಮ್ ಮಾಡಿದ್ದು ಸರಿಯಾಗೇ ಇದೆ. ಒಂದು ಡೋರ್ ಗೀರಿಗೆ 6,000 ಬಿಲ್ಲು ಅಂದರೆ ಕ್ಲೇಮ್ ಮಾಡೋಕೆ ಹೋಗಬೇಡಿ.

"ಎನ್‌ಸಿಬಿ ಪ್ರೊಟೆಕ್ಟ್" ಆ್ಯಡ್-ಆನ್ ಬಗ್ಗೆ ಒಂದು ಮಾತು. ಅದು ಎನ್‌ಸಿಬಿ ಶೇಕಡಾವಾರನ್ನು ಕಾಯುತ್ತೆ, ಡಿಸ್ಕೌಂಟನ್ನು ಕಾಯಲ್ಲ. ಎನ್‌ಸಿಬಿ 20, 25ರಲ್ಲಿ ಇರೋವಾಗ ಅದಕ್ಕೆ ದುಡ್ಡು ಹಾಕೋದು ದಂಡ, 45, 50 ಮುಟ್ಟಿದ ಮೇಲೆ ಯೋಚಿಸಬಹುದು.

ಇನ್ನೊಂದು. "ಕ್ಲೇಮ್ ಇಲ್ಲ ಅಂತ ಹಾಕಿ ಎನ್‌ಸಿಬಿ ಕೊಡಿಸ್ತೀನಿ" ಅನ್ನೋ ಏಜೆಂಟರು ಸಿಗ್ತಾರೆ. ಬೇಡ. ಹೊಸ ಕಂಪನಿ ಹಳೇ ಕಂಪನಿಯಿಂದ ಮಾಹಿತಿ ತರಿಸಿ ನೋಡುತ್ತೆ. ಸುಳ್ಳು ಡಿಕ್ಲರೇಷನ್ ಕ್ಲೇಮ್ ಹೊತ್ತಿಗೆ ಸಿಕ್ಕಿಬಿದ್ದರೆ ಓನ್ ಡ್ಯಾಮೇಜ್ ಪೂರ್ತಿ ಹೋಗಬಹುದು.

ಟಿಂಕರಿಂಗ್_ಶೆಡ್

ಆ 10,350 ಎಲ್ಲಿ ಹೋಯಿತು ಅಂತ ನಾನು ಹೇಳ್ತೀನಿ. ಕ್ಲೇಮ್ ಹೊತ್ತಲ್ಲಿ ಕಾರಿಗೆ ಎರಡರಿಂದ ಮೂರು ವರ್ಷ ಅಂತ ಹಿಡಿದಿದ್ದೇನೆ.

ಪ್ಲಾಸ್ಟಿಕ್, ರಬ್ಬರ್, ನೈಲಾನ್, ಬ್ಯಾಟರಿ, ಟೈರು, ಏರ್‌ಬ್ಯಾಗು ಇವಕ್ಕೆ ಕಾರು ಹೊಸದಿರಲಿ ಹಳೆಯದಿರಲಿ 50% ಕಟ್. ಬಂಪರ್ 6,000ಕ್ಕೆ 3,000 ಹೋಯಿತು. ಹೆಡ್‌ಲ್ಯಾಂಪನ್ನೂ ಪ್ಲಾಸ್ಟಿಕ್ ಲೆಕ್ಕಕ್ಕೆ ಹಾಕಿದ್ದಾರೆ, 3,750. ಬಾನೆಟ್ ತಗಡು, ಅದಕ್ಕೆ ವಯಸ್ಸಿನ ಮೇಲೆ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ 5%, ಎರಡರವರೆಗೆ 10%, ಮೂರರವರೆಗೆ 15%, ನಾಲ್ಕರವರೆಗೆ 25%, ಐದರವರೆಗೆ 35%, ಹತ್ತರವರೆಗೆ 40%, ಆಮೇಲೆ 50%. ನಿಮ್ಮ 9,000ಕ್ಕೆ 15% ಅಂದರೆ 1,350. ಗಾಜಿಗೆ ಕಟ್ ಇಲ್ಲ. ಲೇಬರಿಗೂ ಇಲ್ಲ. ಪೇಂಟಿಂಗಿನಲ್ಲಿ ಬಣ್ಣದ ಸಾಮಾನು ಅಂತ ಬಿಲ್ಲಿನ 25% ತೆಗೆದು ಅದರಲ್ಲಿ ಅರ್ಧ ಕಳೀತಾರೆ: 10,000ದಲ್ಲಿ 2,500, ಅದರ ಅರ್ಧ 1,250. ಎಲ್ಲ ಸೇರಿ 9,350. ಕಡ್ಡಾಯ ಕಡಿತ 1500 ಸಿಸಿವರೆಗಿನ ಕಾರಿಗೆ 1,000. ಅಲ್ಲಿಗೆ 10,350. ಒಂದು ರೂಪಾಯಿ ಆಚೀಚೆ ಇಲ್ಲ, ಹಾನಿ ಅಳೆಯೋಕೆ ಬಂದ ನಿಮ್ಮ ಸರ್ವೇಯರ್ ನ್ಯಾಯವಾಗೇ ಹಾಕಿದ್ದಾನೆ.

ಬಂಪರ್ ಟು ಬಂಪರ್ (ಸಾಮಾನು ಹಳೆಯದು ಅನ್ನೋ ಈ ಕಟ್ ಇಲ್ಲದ ಹಾಗೆ ಮಾಡೋ ಆ್ಯಡ್-ಆನ್) ಇದ್ದಿದ್ದರೆ ಕೈಯಿಂದ ಹೋಗುತ್ತಿದ್ದದ್ದು ಆ 1,000 ಮಾತ್ರ. ಈಗಿನ ಕಾರಿನ ಮುಂಭಾಗದಲ್ಲಿ ತಗಡಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ, ಐದು ವರ್ಷದವರೆಗೆ ಅದನ್ನು ಬಿಡಬೇಡಿ. ಆದರೆ ಪಾಲಿಸಿ ಹಾಳೆಯಲ್ಲಿ ಎರಡು ಸಾಲು ಓದಿ: ವರ್ಷಕ್ಕೆ ಎಷ್ಟು ಕ್ಲೇಮ್ (ಹೆಚ್ಚಿನವರು ಎರಡಕ್ಕೆ ನಿಲ್ಲಿಸ್ತಾರೆ), ಮತ್ತೆ ಕಾರಿನ ವಯಸ್ಸಿನ ಮಿತಿ ಎಷ್ಟು. ಕ್ಲೇಮ್ ಆದವರಿಗೆ ಕೆಲವು ಕಂಪನಿ ಪಾಲಿಸಿ ಕೊಟ್ಟರೂ ಬಂಪರ್ ಟು ಬಂಪರ್ ಕೊಡಲ್ಲ. ಇದೂ ಒಂಥರ ರೇಟು ಏರಿಸಿದ ಹಾಗೇ, ಆದರೆ ಕೊಟೇಶನ್ನಿನಲ್ಲಿ ಕಾಣಲ್ಲ.

ಬಂಪರ್ ಟು ಬಂಪರ್ ಇದ್ದರೂ ಆಯಿಲ್, ಕೂಲೆಂಟ್, ಎಸಿ ಗ್ಯಾಸ್, ನಟ್ಟು, ಬೋಲ್ಟು, ಕ್ಲಿಪ್ಪು ಇವುಗಳ ದುಡ್ಡು ಬರಲ್ಲ, ಅದಕ್ಕೆ ಕನ್ಸ್ಯೂಮಬಲ್ಸ್ ಅಂತ ಬೇರೆ ಆ್ಯಡ್-ಆನ್. ಮುಂದಿನಿಂದ ಗುದ್ದಿ ರೇಡಿಯೇಟರ್, ಎಸಿ ಕಂಡೆನ್ಸರ್ ಒಡೆದಾಗ ಇದರ ಬೆಲೆ ಗೊತ್ತಾಗುತ್ತೆ.

ಶೆಡ್ಡಲ್ಲಿ ಕ್ಲೇಮ್ ಕೆಡೋದು ಮುಖ್ಯವಾಗಿ ಒಂದು ಜಾಗದಲ್ಲಿ. ಸರ್ವೇಯರ್ ಬರೋ ಮುಂಚೆ ಬಂಪರ್ ಬಿಚ್ಚಿಟ್ಟಿರ್ತಾರೆ. ಹಾನಿ ಹೊಸದೋ ಹಳೆಯದೋ ಅಂತ ಆಮೇಲೆ ತೋರಿಸೋದು ಕಷ್ಟ. ಕ್ರಮ ಹೀಗಿರಲಿ: ಟೋಲ್ ಫ್ರೀಗೋ ಆ್ಯಪಿಗೋ ತಿಳಿಸಿ ಕ್ಲೇಮ್ ನಂಬರ್ ತಗೊಳ್ಳಿ, ನಂಬರ್ ಪ್ಲೇಟ್ ಕಾಣೋ ಹಾಗೆ ನಾಲ್ಕೂ ಕಡೆ ಫೋಟೋ, ಚಾಸಿ ನಂಬರ್ ಫೋಟೋ, ಓಡೋಮೀಟರ್ ಫೋಟೋ. ಗ್ಯಾರೇಜಿನ ಎಸ್ಟಿಮೇಟ್ ಆದ ಮೇಲೆ ಸರ್ವೇ. ಆಮೇಲೆ ಬಿಚ್ಚೋದು. ಬಿಚ್ಚಿದಾಗ ಒಳಗೆ ಇನ್ನೇನೋ ಮುರಿದದ್ದು ಸಿಕ್ಕರೆ ಕೆಲಸ ನಿಲ್ಲಿಸಿ ಸಪ್ಲಿಮೆಂಟರಿ ಎಸ್ಟಿಮೇಟ್ ಕಳಿಸಿ ಒಪ್ಪಿಗೆ ತಗೋಬೇಕು. ಒಪ್ಪಿಗೆ ಇಲ್ಲದೇ ಹಾಕಿದ ಸಾಮಾನಿನ ದುಡ್ಡು ನಿಮ್ಮ ತಲೆ ಮೇಲೇ. ಬದಲಿಸಿದ ಹಳೇ ಪಾರ್ಟು ಎಸೆಯೋ ಹಾಗಿಲ್ಲ, ಮರುಪರಿಶೀಲನೆಗೆ ಬಂದಾಗ ತೋರಿಸಬೇಕು.

ಬಂಪರಿನ ಟ್ಯಾಬ್ ಮುರಿದಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ ಅನ್ನೋ ಸರ್ವೇಯರ್ ಇದ್ದಾರೆ. ಫಾಗ್ ಲ್ಯಾಂಪ್ ಮೌಂಟಿಂಗ್, ಸೆನ್ಸರ್ ಕೂರೋ ಜಾಗ ಸೀಳಿದ್ದರೆ ವೆಲ್ಡ್ ನಿಲ್ಲಲ್ಲ. ಆ ಜಾಗದ ಹತ್ತಿರದ ಫೋಟೋ ಇಟ್ಟು ಬದಲಿಗೇ ಪಟ್ಟು ಹಿಡೀರಿ.

ಅಂಕಿಅಂಶ_ಚಿಕ್ಕಮಗಳೂರು

"98% ಸೆಟಲ್‌ಮೆಂಟ್" ಅನ್ನೋದನ್ನ ಪಕ್ಕಕ್ಕಿಡಿ. ಅದರಲ್ಲಿ ಎರಡು ಬೇರೆ ಬೇರೆ ಲೆಕ್ಕವನ್ನು ಕಲಸಿಬಿಟ್ಟಿರ್ತಾರೆ. ಒಂದು, ಬಂದ ಕ್ಲೇಮ್‌ಗಳಲ್ಲಿ ಎಷ್ಟು ಕೊಟ್ಟರು ಅನ್ನೋದು. ಇನ್ನೊಂದು ಇನ್‌ಕರ್ಡ್ ಕ್ಲೇಮ್ ರೇಷಿಯೋ, ಅಂದರೆ ಗಳಿಸಿದ ಪ್ರೀಮಿಯಂನ 100 ರೂಪಾಯಿಗೆ ಕ್ಲೇಮಿಗೆ ಹೋದದ್ದೆಷ್ಟು ಅನ್ನೋದು. ಎರಡನೆಯದು ಜಾಸ್ತಿ ಇದ್ದರೆ ಒಳ್ಳೆ ಕಂಪನಿ ಅಂತ ಎಷ್ಟೋ ಕಡೆ ಬರೀತಾರೆ, ತಪ್ಪು. ಲಾರಿ, ಬಸ್ಸಿನ ಥರ್ಡ್ ಪಾರ್ಟಿ ಪರಿಹಾರ ಕೋರ್ಟಲ್ಲಿ ಜಾಸ್ತಿ ಬಿದ್ದರೂ ಆ ಸಂಖ್ಯೆ ಏರುತ್ತೆ, ನಿಮ್ಮ ಬಂಪರ್ ಕ್ಲೇಮಿಗೂ ಅದಕ್ಕೂ ಸಂಬಂಧವೇ ಇಲ್ಲ. ತೀರಾ ಜಾಸ್ತಿ ಇದ್ದರೆ ಕಂಪನಿ ನಷ್ಟದಲ್ಲಿದೆ, ಮುಂದೆ ಡಿಸ್ಕೌಂಟ್ ಇಳಿಸಬಹುದು ಅಂತಲೂ ಓದಬಹುದು.

ನೋಡಬೇಕಾದ್ದು ಪ್ರತಿ ಕಂಪನಿಯ ವೆಬ್‌ಸೈಟಿನಲ್ಲಿ "ಪಬ್ಲಿಕ್ ಡಿಸ್‌ಕ್ಲೋಶರ್ಸ್" ಅಂತ ಇರೋ ಜಾಗ. ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮದಂತೆ ಮೂರು ತಿಂಗಳಿಗೊಮ್ಮೆ ಹಾಕಲೇಬೇಕು. ಅಲ್ಲಿ ಎನ್‌ಎಲ್ ಅನ್ನೋ ಫಾರಂಗಳ ಸಾಲೇ ಇರುತ್ತೆ. ನಮಗೆ ಮೂರು ಸಾಕು.

ಎನ್‌ಎಲ್-37ರಲ್ಲಿ ಕ್ಲೇಮ್‌ಗಳ ಲೆಕ್ಕ. ಮೋಟಾರ್ ಓಡಿ (ಓನ್ ಡ್ಯಾಮೇಜ್) ಕಾಲಂ ಮಾತ್ರ ಹಿಡೀರಿ. ಶುರುವಿನಲ್ಲಿ ಬಾಕಿ ಇದ್ದದ್ದು, ಹೊಸದಾಗಿ ಬಂದದ್ದು, ಕೊಟ್ಟದ್ದು, ತಿರಸ್ಕರಿಸಿದ್ದು, ಕೊನೆಗೆ ಬಾಕಿ ಉಳಿದದ್ದು ಅಂತ ಸಾಲುಗಳಿವೆ. ತಿರಸ್ಕರಿಸಿದ್ದರ ಜೊತೆ "ಕ್ಲೋಸ್ಡ್" ಅಂತ ಮುಚ್ಚಿದ ಕ್ಲೇಮ್‌ಗಳ ಸಂಖ್ಯೆಯನ್ನೂ ನೋಡಿ. ದಾಖಲೆ ಬಂದಿಲ್ಲ ಅಂತ ಮುಚ್ಚಿದ ಕ್ಲೇಮುಗಳು ತಿರಸ್ಕಾರದ ಲೆಕ್ಕಕ್ಕೆ ಬರದೇ ಇಲ್ಲಿ ಅಡಗಿರ್ತಾವೆ. ಎರಡನ್ನೂ ಕೂಡಿ, ಬಂದ ಕ್ಲೇಮ್‌ಗಳಿಂದ ಭಾಗಿಸಿ.

ಎನ್‌ಎಲ್-39ರಲ್ಲಿ ಎಷ್ಟು ದಿನದಲ್ಲಿ ಕೊಟ್ಟರು ಅನ್ನೋದು: ಒಂದು ತಿಂಗಳೊಳಗೆ, ಒಂದರಿಂದ ಮೂರು ತಿಂಗಳು, ಹೀಗೆ. ಓನ್ ಡ್ಯಾಮೇಜಿನಲ್ಲಿ ಮೊದಲ ಕಾಲಂನ ಪಾಲು ಎಷ್ಟು ಅನ್ನೋದೇ ನಿಮಗೆ ಬೇಕಾದ ಉತ್ತರ. ಮೊತ್ತದ ಕಾಲಂ ಬೇಡ, ಸಂಖ್ಯೆಯ ಕಾಲಂ ನೋಡಿ. ಎನ್‌ಎಲ್-45 ದೂರುಗಳದ್ದು. ದೊಡ್ಡ ಕಂಪನಿಗೆ ದೂರೂ ದೊಡ್ಡದೇ ಇರುತ್ತೆ, ಆದ್ದರಿಂದ ಒಟ್ಟು ಸಂಖ್ಯೆ ಹೋಲಿಸಬೇಡಿ, ಕೊನೆಯಲ್ಲಿ 10,000 ಕ್ಲೇಮಿಗೆ ಎಷ್ಟು ದೂರು ಅನ್ನೋ ಸಾಲು ಇದೆ, ಅದನ್ನು ಹೋಲಿಸಿ. ಒಂದು ತ್ರೈಮಾಸಿಕ ನೋಡಿ ತೀರ್ಮಾನ ಬೇಡ, ಮಳೆಗಾಲದ್ದು ಯಾವಾಗಲೂ ಕೆಟ್ಟದಾಗಿರುತ್ತೆ. ಮಾರ್ಚ್ ಕೊನೆಯ ಫಾರಂನಲ್ಲಿ ಇಡೀ ವರ್ಷದ್ದು ಸಿಗುತ್ತೆ.

ಸರ್ಕಾರಿಯೋ ಖಾಸಗಿಯೋ ಅನ್ನೋದಕ್ಕೆ ಬರೋಣ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಈ ನಾಲ್ಕು ಸರ್ಕಾರಿ. ಊರಲ್ಲಿ ಆಫೀಸು ಇದ್ದರೆ ಕ್ಲೇಮ್ ಕಾಗದ ಹಿಡಿದು ಹೋಗಿ ಒಬ್ಬ ಮನುಷ್ಯನ ಎದುರು ಕೂತು ಮಾತಾಡಬಹುದು, ಅದು ಸಣ್ಣ ಅನುಕೂಲ ಅಲ್ಲ. ಆಕೋ, ಡಿಜಿಟ್ ಥರದವು ಆ್ಯಪಲ್ಲೇ ಕೆಲಸ ಮಾಡೋ ಕಂಪನಿಗಳು, ಸಣ್ಣ ಕ್ಲೇಮಿಗೆ ಫೋಟೋ, ವಿಡಿಯೋ ಸಾಕು. ಐಸಿಐಸಿಐ ಲೊಂಬಾರ್ಡ್, ಟಾಟಾ ಎಐಜಿ, ಎಚ್‌ಡಿಎಫ್‌ಸಿ ಎರ್ಗೋ, ಬಜಾಜ್‌ನಂಥವು ನಡುವೆ. ಹೆಸರು ನೋಡಿ ಒಂದನ್ನು ಹೇಳು ಅಂದರೆ ನಾನು ಹೇಳಲ್ಲ. ನಿಮಗೆ ನಿಜವಾಗಿ ವ್ಯತ್ಯಾಸ ಮಾಡೋದು ನಿಮ್ಮ ಬ್ರ್ಯಾಂಡಿನ ಬಿ.ಎಂ. ರಸ್ತೆಯ ವರ್ಕ್‌ಶಾಪ್ ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇದೆಯಾ ಅನ್ನೋದು. ಕಂಪನಿ ವೆಬ್‌ಸೈಟಲ್ಲಿ ಹಾಸನದ ಪಿನ್ 573201, ಚಿಕ್ಕಮಗಳೂರಿನದು 577101 ಹಾಕಿ ನೋಡಿ. ಪಟ್ಟಿ ನಂಬಿ ಕೂರಬೇಡಿ, ವರ್ಕ್‌ಶಾಪಿನ ಬಾಡಿ ಶಾಪ್ ಅಡ್ವೈಸರ್‌ಗೇ ಫೋನ್ ಮಾಡಿ "ಈ ಕಂಪನಿಯದು ಈಗ ಕ್ಯಾಶ್‌ಲೆಸ್ ನಡೀತಿದೆಯಾ, ಅಪ್ರೂವಲ್ ಎಷ್ಟು ದಿನಕ್ಕೆ ಬರುತ್ತೆ" ಅಂತ ಕೇಳಿ. ಯಾವ ಕಂಪನಿ ಬಿಲ್ಲಿಗೆ ಸತಾಯಿಸುತ್ತೆ ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಕ್ಯಾಶ್‌ಲೆಸ್ ಇಲ್ಲದಿದ್ದರೆ ಪೂರ್ತಿ ದುಡ್ಡು ನೀವು ಕಟ್ಟಿ ಆಮೇಲೆ ರೀಇಂಬರ್ಸ್‌ಮೆಂಟಿಗೆ ಕಾಯಬೇಕು.

ಘಾಟಿ_ರಸ್ತೆ

ಸಕಲೇಶಪುರ, ಮೂಡಿಗೆರೆ ಓಡಾಟ ಅಂದಿದ್ದೀರಿ, ಹಾಗಾಗಿ ಆ ಕಡೆಯ ಮಾತು.

ಶಿರಾಡಿ, ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಕಾರಿನ ಮೇಲೆ ಬಿದ್ದರೆ, ಕೊಟ್ಟಿಗೆಹಾರದ ಕಡೆ ಮಳೆಗಾಳಿಗೆ ಮರ ಬಿದ್ದರೆ, ಹಳ್ಳ ಉಕ್ಕಿ ನೀರು ನುಗ್ಗಿದರೆ ಮಾಮೂಲಿ ಫುಲ್ ಇನ್ಶೂರೆನ್ಸಿನಲ್ಲೇ ಬರುತ್ತೆ, ಆ್ಯಡ್-ಆನ್ ಬೇಕಿಲ್ಲ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಬಿಡಿಗಾಸೂ ಇಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಕಾರು ಜಖಂ ಮಾಡಿದರೂ ಅದು ಹೊರಗಿನಿಂದ ಆದ ಆಕಸ್ಮಿಕ ಹಾನಿಯೇ, ಕ್ಲೇಮ್ ಆಗುತ್ತೆ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡರೆ ಘಟನೆ ಸಾಬೀತಿಗೆ ತಕರಾರು ಬರಲ್ಲ.

ಎಂಜಿನ್ ಮಾತ್ರ ಬೇರೆ ಕಥೆ. ನೀರಲ್ಲಿ ಕಾರು ನಿಂತಾಗ ಸ್ಟಾರ್ಟ್ ಮಾಡಿದರೆ ಏರ್ ಇಂಟೇಕ್‌ನಿಂದ ನೀರು ಸಿಲಿಂಡರಿಗೆ ಹೋಗುತ್ತೆ. ನೀರು ಗಾಳಿಯ ಹಾಗೆ ಒತ್ತಿಕೊಳ್ಳಲ್ಲ, ಪಿಸ್ಟನ್ ಮೇಲೆ ಬರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಇದನ್ನು ಕಂಪನಿ "ಆಮೇಲೆ ನೀವೇ ಮಾಡಿಕೊಂಡ ಹಾನಿ" ಅಂತ ತಿರಸ್ಕರಿಸುತ್ತೆ. ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇರೋದು ಇದಕ್ಕೇ. ಇದ್ದರೂ ಷರತ್ತು ಓದಿ, ನೀರು ನುಗ್ಗಿದ ಮೇಲೆ ಮತ್ತೆ ಮತ್ತೆ ಕೀ ತಿರುಗಿಸಿದರೆ ಆಗಲೂ ಜಗಳ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಟೋಯಿಂಗ್ ಕರೆಸಿ, ಅಷ್ಟೇ. ಆಯಿಲ್ ಪ್ಯಾನಿಗೆ ಕಲ್ಲು ತಾಗಿ ಆಯಿಲ್ ಸೋರಿದಾಗಲೂ ಇದೇ ನಿಯಮ: ಪ್ಯಾನ್ ಒಡೆದದ್ದು ಕ್ಲೇಮ್ ಆಗುತ್ತೆ, ಆಯಿಲ್ ಇಲ್ಲದೇ ಓಡಿಸಿ ಎಂಜಿನ್ ಸೀಜ್ ಆದದ್ದು ಆಗಲ್ಲ.

ಟೋಯಿಂಗಿಗೆ ಸಾಮಾನ್ಯ ಪಾಲಿಸಿಯಲ್ಲಿ ಕಾರಿಗೆ ಇರೋದು 1,500 ರೂಪಾಯಿ ಮಾತ್ರ. ಘಾಟಿಯಿಂದ ಹಾಸನಕ್ಕೆ ಎಳೆಸೋಕೆ ಅದು ಸಾಲಲ್ಲ. ರೋಡ್ ಸೈಡ್ ಅಸಿಸ್ಟೆನ್ಸ್ ತಗೊಳ್ಳೋವಾಗ ಎಷ್ಟು ಕಿಲೋಮೀಟರ್ ಉಚಿತ ಅಂತ ಕೇಳಿ. ಮಿತಿ 25 ಕಿ.ಮೀ. ಅಂತಿದ್ದರೆ ಸಕಲೇಶಪುರ ಪೇಟೆಯಿಂದ ಹಾಸನಕ್ಕೂ ಮುಟ್ಟಲ್ಲ.

ಇದೊಂದು ಚಿಕ್ಕಮಗಳೂರು ಕಡೆಯವರಿಗೆ. ಹೋಂಸ್ಟೇ ಅತಿಥಿಗಳನ್ನು ವೈಟ್ ಬೋರ್ಡ್ ಕಾರಲ್ಲಿ ದುಡ್ಡಿಗೆ ಕರ್ಕೊಂಡು ಹೋಗೋದು, ವಾರಾಂತ್ಯಕ್ಕೆ ಕಾರು ಬಾಡಿಗೆಗೆ ಬಿಡೋದು ಪಾಲಿಸಿ ಷರತ್ತಿನ ಉಲ್ಲಂಘನೆ. ಅಪಘಾತವಾದರೆ ಓನ್ ಡ್ಯಾಮೇಜ್ ತಿರಸ್ಕರಿಸೋಕೆ ಕಂಪನಿಗೆ ಅದೊಂದೇ ಸಾಕು.

ಪೊಲೀಸ್ ಎಫ್‌ಐಆರ್ ಎಲ್ಲದಕ್ಕೂ ಬೇಡ. ಒಂಟಿ ಕಾರು ಮೋರಿಗೆ ತಾಗಿದ್ದಕ್ಕೆ ಸಾಮಾನ್ಯವಾಗಿ ಕೇಳಲ್ಲ. ಜನರಿಗೆ ಏಟು ಬಿದ್ದಿದ್ದರೆ, ಕಳುವಾಗಿದ್ದರೆ ಬೇಕೇ ಬೇಕು. ಕಳುವಿಗೆ ಎಫ್‌ಐಆರ್ ಜೊತೆ ಕೊನೆಗೆ ಪೊಲೀಸರ ಸಿ ರಿಪೋರ್ಟು (ಪತ್ತೆಯಾಗಲಿಲ್ಲ ಅನ್ನೋ ವರದಿ), ಎರಡೂ ಕೀಲಿ, ಸಹಿ ಹಾಕಿದ ಮಾಲೀಕತ್ವ ವರ್ಗಾವಣೆಯ ಫಾರಂ 28, 29, 30 ಕೇಳ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಎರಡನೇ ಕೀಲಿ ಇಸ್ಕೊಳ್ಳದೇ ಇರೋದು ಇಲ್ಲಿ ಕಾಡುತ್ತೆ. ಅಂಥವರು ಕಾರಿನ ಮಾಲೀಕತ್ವ ಬದಲಾದ 14 ದಿನದೊಳಗೆ ಪಾಲಿಸಿಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ತಾನಾಗೇ ಬರುತ್ತೆ, ಓನ್ ಡ್ಯಾಮೇಜ್ ಬರಲ್ಲ.

ಕೆಎ13_ಹ್ಯಾಚ್‌ಬ್ಯಾಕ್

ಎಲ್ಲರಿಗೂ ಥ್ಯಾಂಕ್ಸ್, ಲೆಕ್ಕ ಸ್ಪಷ್ಟ ಆಯ್ತು. ಇನ್ನೆರಡು ಪ್ರಶ್ನೆ. ವಾಲಂಟರಿ ಡಿಡಕ್ಟಿಬಲ್ (ಪ್ರತಿ ಕ್ಲೇಮಿನಲ್ಲೂ ಇಷ್ಟು ನಾವೇ ಹಾಕ್ತೀವಿ ಅಂತ ಒಪ್ಪಿಕೊಳ್ಳೋದು) ತಗೊಂಡರೆ ಪ್ರೀಮಿಯಂ ಇಳಿಯುತ್ತೆ ಅಂತ ಆನ್‌ಲೈನಲ್ಲಿ ತೋರಿಸ್ತಿದೆ, ತಗೋಬಹುದಾ? ಮತ್ತೆ ಮುಂದೆ ಕ್ಲೇಮ್ ಎಳೆದಾಡಿದರೆ ಯಾರನ್ನ ಕೇಳಬೇಕು?

ಪಾಲಿಸಿ_ಲೆಕ್ಕ

ಹಳೇ ಟ್ಯಾರಿಫ್ ಪಟ್ಟಿಯಲ್ಲಿ 2,500ಕ್ಕೆ 20% ರಿಯಾಯಿತಿ ಆದರೆ ಗರಿಷ್ಠ 750, 5,000ಕ್ಕೆ 25% ಗರಿಷ್ಠ 1,500, 7,500ಕ್ಕೆ 30% ಗರಿಷ್ಠ 2,000, 15,000ಕ್ಕೆ 35% ಗರಿಷ್ಠ 2,500. ವರ್ಷಕ್ಕೆ 750 ಉಳಿಸಿ ಪ್ರತಿ ಕ್ಲೇಮಿಗೆ 2,500 ಕೊಡೋದು. ಸಣ್ಣ ಕ್ಲೇಮ್ ಹೇಗೂ ಮಾಡಲ್ಲ ಅನ್ನೋರಿಗೆ 2,500 ಪರವಾಗಿಲ್ಲ. 15,000 ಬೇಡ, ಉಳಿಯೋದು ಹೆಚ್ಚೆಂದರೆ 2,500, ಒಂದು ಕ್ಲೇಮಿಗೆ ಆರು ವರ್ಷದ ಉಳಿತಾಯ ಹೋಗುತ್ತೆ.

ಅಂಕಿಅಂಶ_ಚಿಕ್ಕಮಗಳೂರು

ಎಳೆದಾಟಕ್ಕೆ ಗಡುವು ಇದೆ. ಐಆರ್‌ಡಿಎಐ 2024ರ ಮಾಸ್ಟರ್ ಸುತ್ತೋಲೆ ಪ್ರಕಾರ ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ. ಸರ್ವೇ ವರದಿಯ ಪ್ರತಿ ಇಮೇಲಲ್ಲಿ ಕೇಳಿ ತಗೊಳ್ಳಿ, ಕೇಳೋ ಹಕ್ಕಿದೆ. ಯಾವ ಐಟಂಗೆ ಎಷ್ಟು ಕಟ್ ಅನ್ನೋದು ಅದರಲ್ಲೇ ಇರುತ್ತೆ. ಫೋನಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ, ಎಲ್ಲ ಇಮೇಲಲ್ಲೇ ಇರಲಿ.

ಮೊದಲು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಬರೀರಿ. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಬಹುದು, ಫೋನ್ 155255. ಒಂದು ತಿಂಗಳು ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ವಿಮೆ ದೂರು ಕೇಳಿ ತೀರ್ಮಾನ ಕೊಡೋ ಅಧಿಕಾರಿ). ಕರ್ನಾಟಕಕ್ಕೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿ ಕಚೇರಿ. ಶುಲ್ಕ ಇಲ್ಲ, ವಕೀಲರು ಬೇಡ, ಆನ್‌ಲೈನಲ್ಲೇ ಹಾಕಬಹುದು, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ. ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ನಡೀತಿದ್ದರೆ ಇಲ್ಲಿ ತಗೊಳ್ಳಲ್ಲ, ಹಾಗಾಗಿ ಮೊದಲು ಒಂಬುಡ್ಸ್‌ಮನ್, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿಗೆ ಎರಡು ವರ್ಷದ ಕಾಲಮಿತಿ.

ಟಿಂಕರಿಂಗ್_ಶೆಡ್

ರಿನ್ಯೂವಲ್ ತಾರೀಖು ದಾಟಿಸಬೇಡಿ. ಒಂದು ದಿನ ದಾಟಿದರೂ ಸಾಮಾನ್ಯವಾಗಿ ಕಾರು ಇನ್ಸ್‌ಪೆಕ್ಷನ್ ಆಗದೇ ಫುಲ್ ಇನ್ಶೂರೆನ್ಸ್ ಸಿಗಲ್ಲ, ಆ ನಡುವೆ ಓಡಿಸಿ ಪೊಲೀಸರಿಗೆ ಸಿಕ್ಕರೆ ಮೊದಲ ಸಲಕ್ಕೆ 2,000 ದಂಡ. 90 ದಿನ ದಾಟಿದರೆ ಕೂಡಿಟ್ಟ ಎನ್‌ಸಿಬಿ ಪೂರ್ತಿ ಹೋಯಿತು. ಆ್ಯಪಲ್ಲಿ ಇನ್ಸ್‌ಪೆಕ್ಷನ್ ವಿಡಿಯೋ ತೆಗೆಯೋವಾಗ ಕಾರು ತೊಳೆದಿರಲಿ, ಕೆಸರು ಮೆತ್ತಿದ ಬಂಪರಿನ ಗೀರು ಕಾಣಲ್ಲ ಅಂತ ವಾಪಸ್ ಕಳಿಸ್ತಾರೆ.